ಮೊದಲು ರಿಜಿಸ್ಟರ್, ಆಮೇಲೆ ಸಸಿ

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಕ್ಯಾಂಪಸ್ಸನ್ನು ವೃಕ್ಷೋದ್ಯಾನವಾಗಿಸುವ ಹೊಣೆ ಸಸ್ಯಶಾಸ್ತ್ರ ವಿಭಾಗಕ್ಕೆ ಬಂದಾಗ, ‘ಸಾವಿರ ಸಸಿ ತರಿಸಿ ನೆಟ್ಟುಬಿಡಿ ಸರ್’ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬಂತು. ನಾನು ಕೇಳಿದ್ದು ಒಂದು ದಪ್ಪ ರಿಜಿಸ್ಟರ್ ಮತ್ತು ಅಳತೆಯ ಟೇಪು. ಇರುವ ಮರಗಳ ಲೆಕ್ಕವೇ ಇಲ್ಲದ ಮೇಲೆ ಇಲ್ಲದ್ದು ಯಾವುದೆಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳ ಜೊತೆ ಸುತ್ತಾಡಿ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟೆ. ಪಟ್ಟಿ ಮುಗಿದಾಗ ಮಡಗಾಸ್ಕರದ ಗುಲ್‌ಮೊಹರ್, ಅಮೆರಿಕ ಖಂಡದ ಮಳೆಮರ, ಆಸ್ಟ್ರೇಲಿಯದ ನೀಲಗಿರಿಗಳೇ ಪುಟ ತುಂಬಿದ್ದವು. ನಮ್ಮ ಕಡೆಯವು ಎಂದರೆ ಹೊಂಗೆ, ಬೇವು, ಅಷ್ಟೇ. ಗೇಟಿನ ಬಳಿಯ ಹುಣಸೆಯೂ ಮೂಲತಃ ಆಫ್ರಿಕದ್ದು. ಹಳೆಯ ಮರಗಳನ್ನು ಕಡಿಯಲು ನಾನು ಒಪ್ಪಲಿಲ್ಲ. ಮಳೆಮರದ ನೆರಳನ್ನು ಕಳೆದುಕೊಳ್ಳುವಷ್ಟು ಸ್ವದೇಶಿ ವ್ರತ ನನಗಿಲ್ಲ. ಖಾಲಿ ಜಾಗ ಮಾತ್ರ ಬಯಲುಸೀಮೆಯ ಒಣಕಾಡಿನ ಮರಗಳಿಗೆ ಮೀಸಲಾಯಿತು.

ಅವುಗಳಲ್ಲಿ ಹೆಚ್ಚು ಕೆಲಸ ಕೊಟ್ಟದ್ದು ಕಮರ. ಒಂದೇ ತೊಟ್ಟಿನಲ್ಲಿ ಜೋಡಿ ಎಲೆ, ದೇಶದ ಅತಿ ಭಾರದ ಮರಗಳಲ್ಲಿ ಒಂದೆನಿಸಿದ ಚೇಗು (ಕಾಂಡದೊಳಗಿನ ಗಟ್ಟಿ ತಿರುಳು), ಕಲ್ಲುನೆಲದಲ್ಲೂ ನಿಲ್ಲುವ ಜಿಗುಟು. ಮೇಲೆ ಗೇಣುದ್ದದ ಸಸಿ ಕಂಡರೆ ಕೆಳಗೆ ತಾಯಿಬೇರು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿರುತ್ತದೆ. ನರ್ಸರಿಯ ಗಿಡ್ಡ ಚೀಲದಲ್ಲಿ ಆ ಬೇರು ತಳಕ್ಕೆ ತಾಗಿ ಸುತ್ತಿಕೊಳ್ಳುತ್ತದೆ. ನೆಟ್ಟ ಮೇಲೂ ನೇರವಾಗುವುದಿಲ್ಲ. ಹಾಗಾಗಿ ಸಸಿ ತರಿಸದೆ ಕಾಯಿಯನ್ನೇ ತರಿಸಿದೆ. ಹಾಳೆಯಂತೆ ಚಪ್ಪಟೆಯಾದ ಕಾಯಿ, ಅದರ ತುದಿಯಲ್ಲಿ ಒಂದೇ ಬೀಜ. ಬೇಸಿಗೆಯಲ್ಲೇ ಗುಂಡಿ ತೋಡಿಸಿ, ಮಣ್ಣು ಸಡಿಲಿಸಿ, ಗುಂಡಿಗೆ ಮೂರು ಬೀಜದಂತೆ ಊರಿ, ಚೆನ್ನಾಗಿ ಎದ್ದ ಒಂದನ್ನು ಉಳಿಸಿಕೊಂಡೆವು. ಸುತ್ತ ಜಾಲಿಮುಳ್ಳು ಕಟ್ಟದಿದ್ದರೆ ಮೇಕೆಗಳು ಉಳಿಸುತ್ತಿರಲಿಲ್ಲ, ಅವಕ್ಕೆ ಕಮರದ ಸೊಪ್ಪೆಂದರೆ ಹಬ್ಬ.

ಜೂನ್ 5ರ ಪರಿಸರ ದಿನಕ್ಕೆ ನೆಡಬೇಕೆಂಬ ಒತ್ತಾಯಕ್ಕೆ ಮಣಿಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಘೆ ಮಳೆಗೆ ಬಿತ್ತಿ, ಉತ್ತರೆ, ಹಸ್ತಗಳಲ್ಲಿ ಬೇರು ಹಿಡಿಸಿದರೆ ಟ್ಯಾಂಕರ್ ಖರ್ಚು ಬಹಳ ಕಡಿಮೆ. ಜೂನ್ 5ಕ್ಕೆ ಅತಿಥಿಗಳಿಂದ ಪಾತಿಗೆ ತರಗೆಲೆ ಹೊದಿಸಿದೆವು. ಫೋಟೊ ಚೆನ್ನಾಗಿಯೇ ಬಂತು.

ಯಾವ ಮರ ಎಲ್ಲಿ ಎಂಬುದನ್ನು ಹುಡುಗರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಿದೆ. ಮುತ್ತುಗ ಎಲೆ ಉದುರಿಸಿ ಫೆಬ್ರವರಿ, ಮಾರ್ಚ್‌ನಲ್ಲಿ ಕೆಂಪಾಗುವುದರಿಂದ ಅದು ಗ್ರಂಥಾಲಯದ ಕಿಟಕಿಗಳ ಎದುರು. ಬಿರುಬೇಸಿಗೆಯಲ್ಲಿ ಹಳದಿ ಗೊಂಚಲು ಬಿಡುವ ಕಕ್ಕೆ ಪರೀಕ್ಷಾ ಭವನದ ದಾರಿಗೆ. ನೀರಿನ ಆಸೆಯ ಹೊಳೆದಾಸವಾಳಕ್ಕೆ ಹಾಸ್ಟೆಲಿನ ಬಚ್ಚಲು ನೀರು ಹರಿಯುವ ಜಾಗ. ಕ್ಯಾಂಟೀನಿನ ಮುಂದೆ ಹೊಂಗೆಯೇ ಇರಲಿ ಎಂದೆ. ಏಪ್ರಿಲ್‌ನ ಸುಡುಬಿಸಿಲಿಗೆ ಹೊಸ ಚಿಗುರಿನಿಂದ ತಂಪಾಗಿರುವ ಅದರಡಿಯಲ್ಲಿ ಚಹಾ ಕುಡಿದವರಿಗೆ ವಿವರಣೆ ಬೇಕಿಲ್ಲ. ಆಟದ ಬಯಲಿಗೆ ಮಾತ್ರ ಒಂದು ಸಸಿಯೂ ಇಲ್ಲ, ಕ್ರಿಕೆಟ್ ಆಡುವವರ ಜೊತೆ ಜಗಳ ಬೇಡ.

ಹೆಸರಿನ ಫಲಕಕ್ಕೆ ಮೊಳೆ ಹೊಡೆಯುವುದನ್ನು ನಿಲ್ಲಿಸಿದೆ. ಅಲ್ಯೂಮಿನಿಯಂ ತಗಡಿಗೆ ಸ್ಪ್ರಿಂಗ್ ತಂತಿ ಕಟ್ಟಿದರೆ ಕಾಂಡ ದಪ್ಪವಾದಂತೆ ತಂತಿಯೂ ಹಿಗ್ಗುತ್ತದೆ. ಪ್ರತಿ ಜನವರಿಯಲ್ಲಿ ಮೊದಲ ವರ್ಷದವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ಹಿಡಿಯುತ್ತಾರೆ. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ ಅಳೆಯಬೇಕು. ಇದನ್ನು ಮಾತ್ರ ಪ್ರತಿ ತಂಡಕ್ಕೂ ಹೊಸದಾಗಿ ಹೇಳಬೇಕಾಗುತ್ತದೆ.