ಅಣೆಕಟ್ಟಿಲ್ಲದ ಹೊಳೆಯ ಜೊತೆಗೆ: ಅಘನಾಶಿನಿ ಕಣಿವೆಯಲ್ಲಿ ತಿರುಗಾಟ ಮತ್ತು ಛಾಯಾಗ್ರಹಣ

ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಸಿದ್ದಾಪುರದ ಕಾನುಗಳ (ದಟ್ಟ ಹಸಿರು ಕಾಡುಗಳ) ನಡುವೆ ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಎಲ್ಲಿಯೂ ಇಲ್ಲ. ಪಕ್ಕದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು; ಆದ್ದರಿಂದ 253 ಮೀಟರ್ ಎತ್ತರದ ಜೋಗದಲ್ಲಿ ಇಂದು ಎಷ್ಟು ನೀರು ಧುಮುಕುತ್ತದೆ ಎಂಬುದನ್ನು ಮಳೆಯ ಜೊತೆಗೆ ಜಲಾಶಯವೂ ನಿರ್ಧರಿಸುತ್ತದೆ. ಉತ್ತರದ ಕಾಳಿ ನದಿಯಲ್ಲಿ ಗಣೇಶಗುಡಿಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ. ಅಘನಾಶಿನಿಗೆ ಮಾತ್ರ ಮಳೆಯೇ ಯಜಮಾನ. ಘಟ್ಟದಲ್ಲಿ ರಾತ್ರಿ ಸುರಿದದ್ದು ಬೆಳಿಗ್ಗೆ ಹೊಳೆಯಲ್ಲಿ ಕಾಣುತ್ತದೆ, ನಾಲ್ಕು ದಿನ ಬಿಸಿಲು ಬಿದ್ದರೆ ಅದೂ ಕಾಣುತ್ತದೆ. ಹೀಗಾಗಿ ಈ ಕಣಿವೆಗೆ ಕ್ಯಾಮೆರಾ ಹಿಡಿದು ಬರುವವರು ಮೊದಲು ಕಲಿಯಬೇಕಾದದ್ದು ಲೆನ್ಸಿನ ಲೆಕ್ಕವನ್ನಲ್ಲ, ಮಳೆಯ ಲೆಕ್ಕವನ್ನು.

ಇಲ್ಲಿನ ರೈತರು ಮಳೆಯನ್ನು ಇಂದಿಗೂ ನಕ್ಷತ್ರಗಳ ಹೆಸರಿನಲ್ಲಿ ಎಣಿಸುತ್ತಾರೆ, ಮತ್ತು ಛಾಯಾಗ್ರಾಹಕರಿಗೂ ಅದೇ ಪಂಚಾಂಗ ಸಾಕು. ಜೂನ್ ಕೊನೆಯ ಆರಿದ್ರೆಯಿಂದ ಆಗಸ್ಟ್ ಮೊದಲರ್ಧದ ಆಶ್ಲೇಷದವರೆಗೆ ನೀರು ಕೆಂಪಾಗಿ ಭೋರ್ಗರೆಯುತ್ತದೆ. ಜಲಪಾತದ ಎದುರು ನಿಂತರೆ ಹಲವು ಬಾರಿ ಮಂಜಿನ ಬಿಳಿಯ ಹೊರತು ಬೇರೇನೂ ಕಾಣುವುದಿಲ್ಲ. ಆ ರಭಸವನ್ನು ದೂರದಿಂದ ನೋಡಿ ಅನುಭವಿಸಬಹುದು, ಆದರೆ ಒಳ್ಳೆಯ ಚಿತ್ರ ಸಿಗುವುದು ಅಪರೂಪ. ಸೆಪ್ಟೆಂಬರಿನ ಉತ್ತರೆಯ ಹೊತ್ತಿಗೆ ಮಣ್ಣಿನ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಹಸ್ತ, ಚಿತ್ತೆ ಮುಗಿದು ಸ್ವಾತಿ ಹಿಡಿಯುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗಿನ ಕಾಲವೇ ನನ್ನ ಆಯ್ಕೆ. ಆಗ ಧಾರೆಗೆ ದಪ್ಪವೂ ಇರುತ್ತದೆ, ಅದರ ಹಿಂದಿನ ಕರಿಬಂಡೆಯೂ ಕಾಣುತ್ತದೆ, ಕಾಡಿನ ಹಸಿರೂ ಮಾಸಿರುವುದಿಲ್ಲ. ಫೆಬ್ರವರಿಯ ನಂತರ ಸಣ್ಣ ಹಳ್ಳಗಳು ಬತ್ತತೊಡಗುತ್ತವೆ. ರಜೆಯ ದಿನ ನೋಡಿ ಹೊರಡುವುದಕ್ಕಿಂತ, ಉಳಿದುಕೊಳ್ಳುವ ಮನೆಗೆ ಹಿಂದಿನ ದಿನ ಕರೆ ಮಾಡಿ ‘ಹೊಳೆ ಹೇಗಿದೆ, ಸಂಕದ (ಕಾಲುಸೇತುವೆಯ) ಮೇಲೆ ದಾಟಬಹುದೇ’ ಎಂದು ಕೇಳಿ ಹೊರಡುವುದು ಒಳ್ಳೆಯದು.

ಹೆಗ್ಗರಣೆಯ ಹತ್ತಿರವಿರುವ ಉಂಚಳ್ಳಿ ಜಲಪಾತ ಈ ನದಿಯ ಅತಿ ದೊಡ್ಡ ಧುಮುಕು. ಎತ್ತರ 116 ಮೀಟರ್. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ನನ ಹೆಸರು ದಾಖಲೆಗಳಲ್ಲಿ ಉಳಿದಿದೆ; ಊರವರ ಬಾಯಲ್ಲಿ ಇದು ಕೆಪ್ಪ ಜೋಗ, ಸದ್ದಿಗೆ ಕಿವಿ ಕೆಪ್ಪಾಗುತ್ತದೆಂಬ ಅರ್ಥದಲ್ಲಿ. ವೀಕ್ಷಣಾ ಸ್ಥಳ ಜಲಪಾತದಿಂದ ದೂರದಲ್ಲಿ, ಕಣಿವೆಯ ಎದುರಿಗಿದೆ. ಆದ್ದರಿಂದ ಅಗಲ ನೋಟದ ಲೆನ್ಸ್ ಒಂದನ್ನೇ ತಂದವರಿಗೆ ಇಲ್ಲಿ ಸ್ವಲ್ಪ ನಿರಾಸೆಯಾಗುತ್ತದೆ. 70ರಿಂದ 200 ಮಿಲಿಮೀಟರಿನ ಲೆನ್ಸ್ ಇದ್ದರೆ ಧಾರೆ ಒಡೆಯುವ ಜಾಗ, ಮಂಜು ಮೇಲೇಳುವ ಅಂಚು, ಬಂಡೆಗೆ ಅಂಟಿಕೊಂಡ ಒಂಟಿ ಮರ ಇವನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಚೌಕಟ್ಟಿನೊಳಗೆ ಆಕಾಶ ಆದಷ್ಟು ಕಡಿಮೆ ಇರಲಿ, ಏಕೆಂದರೆ ಮೋಡದ ಬಿಳುಪು ನೀರಿನ ಬಿಳುಪನ್ನು ಮಂಕಾಗಿಸುತ್ತದೆ.

ಕಾಮನಬಿಲ್ಲು ಬೇಕೆನ್ನುವವರು ಅದೃಷ್ಟಕ್ಕೆ ಕಾಯಬೇಕಾಗಿಲ್ಲ. ಬಿಲ್ಲು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ, ನಿಮ್ಮ ತಲೆಯ ನೆರಳು ಬೀಳುವ ಬಿಂದುವಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಮೂಡುತ್ತದೆ. ಸಮತಟ್ಟಾದ ನೆಲದಲ್ಲಿ ಸೂರ್ಯ ಅದಕ್ಕಿಂತ ಮೇಲೇರಿದರೆ ಬಿಲ್ಲು ಮರೆಯಾಗುತ್ತದೆ, ಆದರೆ ಕಣಿವೆಯನ್ನು ಮೇಲಿನಿಂದ ನೋಡುವಾಗ ಮಂಜು ನಿಮ್ಮ ಕಾಲಿಗಿಂತ ಕೆಳಗಿರುವುದರಿಂದ ಹೊತ್ತೇರಿದ ಮೇಲೂ ಕಾಣುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಪಡುವಣಕ್ಕೆ ಹರಿಯುವ ಹೊಳೆಯ ಜಲಪಾತಕ್ಕೆ ಮಧ್ಯಾಹ್ನದ ನಂತರವೇ ಬೆಳಕು ಚೆನ್ನಾಗಿ ಬೀಳುತ್ತದೆಂದು ಊಹಿಸಬಹುದಾದರೂ ಕಣಿವೆಗಳು ತಿರುಚಿಕೊಂಡಿರುವುದರಿಂದ, ಹೊರಡುವ ಮುನ್ನ ನಕ್ಷೆಯಲ್ಲಿ ಜಲಪಾತದ ಮುಖ ಯಾವ ಕಡೆಗಿದೆಯೆಂದು ನೋಡಿಕೊಳ್ಳುವುದು ಕ್ಷೇಮ.

ದೊಡ್ಡ ಜಲಪಾತಕ್ಕಿಂತ ಹೆಚ್ಚು ಕಲಿಸುವುದು ಕಾನಿನೊಳಗಿನ ಹಳ್ಳಗಳು. ಸಿದ್ದಾಪುರ ಕಡೆಯ ಬುರುಡೆ, ದೇವಿಮನೆ ಘಟ್ಟದ ಸಮೀಪದ ಬೆಣ್ಣೆಹೊಳೆ, ಯಾಣದ ಕಡೆಯ ವಿಭೂತಿ ಇವೆಲ್ಲ ಹತ್ತಿರಕ್ಕೆ ಹೋಗಿ ಕೂತು ನೋಡಬಹುದಾದ ಜಾಗಗಳು. ಇಲ್ಲಿ ಮೋಡ ಕವಿದ ದಿನವೇ ವರ. ಬಿಸಿಲಿದ್ದರೆ ಎಲೆಗಳ ಸಂದಿಯಿಂದ ಬೀಳುವ ಬೆಳಕಿನ ಚುಕ್ಕೆಗಳು ನೀರನ್ನು ಅಲ್ಲಲ್ಲಿ ಸುಟ್ಟ ಹಾಗೆ ಬಿಳಿಚಿಸುತ್ತವೆ, ನೆರಳು ಪೂರ್ತಿ ಕಪ್ಪಾಗುತ್ತದೆ.

ನೀರಿನ ಚಲನೆಯನ್ನು ಹೇಗೆ ತೋರಿಸಬೇಕು ಎಂಬುದನ್ನು ಶಟರ್ ವೇಗ ತೀರ್ಮಾನಿಸುತ್ತದೆ. ಸೆಕೆಂಡಿನ 1/1000 ಭಾಗದಲ್ಲಿ ಹನಿಹನಿಯೂ ಗಾಜಿನಂತೆ ನಿಲ್ಲುತ್ತದೆ. 1/4ರಿಂದ 1 ಸೆಕೆಂಡಿನವರೆಗೆ ನೀರು ನೂಲಿನ ಎಳೆಗಳಂತೆ ಕಾಣುತ್ತದೆ, ಹರಿವಿನ ದಿಕ್ಕೂ ಉಳಿಯುತ್ತದೆ. 10, 20 ಸೆಕೆಂಡು ತೆರೆದಿಟ್ಟರೆ ಎಳೆಗಳೆಲ್ಲ ಕರಗಿ ಬರಿಯ ಹಾಲಿನ ಪಟ್ಟಿ ಉಳಿಯುತ್ತದೆ. ಅದು ಯಾವ ಊರಿನ ಯಾವ ಹಳ್ಳ ಬೇಕಾದರೂ ಆಗಿರಬಹುದು. ನಾನು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಆರಂಭಿಸಿ, ಧಾರೆಯ ರಭಸಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್ 8 ಅಥವಾ 11 ಇರಲಿ. ಬೆಳಕು ತಗ್ಗಿಸಲೆಂದು ಎಫ್ 22ಕ್ಕೆ ಇಳಿದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದ ಇಡೀ ಚಿತ್ರದ ಹರಿತ ಕಡಿಮೆಯಾಗುತ್ತದೆ.

ಒಂದೇ ಒಂದು ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ಒದ್ದೆ ಎಲೆ, ಒದ್ದೆ ಬಂಡೆ, ನಿಂತ ನೀರು ಇವುಗಳ ಮೇಲಿನ ಹೊಳಪನ್ನು ಅದು ತೆಗೆಯುವುದರಿಂದ ಪಾಚಿಯ ನಿಜವಾದ ಹಸಿರೂ ಮಡುವಿನ ತಳದ ಕಲ್ಲುಗಳೂ ಕಾಣತೊಡಗುತ್ತವೆ, ಮತ್ತು ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲು ಬರುವುದಿಲ್ಲ. ಜೊತೆಗೆ ಅದು ಸುಮಾರು ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ) ಬೆಳಕನ್ನೂ ನುಂಗುತ್ತದೆ: ಕಾನಿನ ಮಬ್ಬಿನಲ್ಲಿ 1/8 ಸೆಕೆಂಡು ಬೇಕಾದಲ್ಲಿ ಪೋಲರೈಸರ್ ಹಾಕಿದೊಡನೆ ಅರ್ಧ ಸೆಕೆಂಡಾಗುತ್ತದೆ, ಬೇರೆ ಕಪ್ಪು ಫಿಲ್ಟರಿನ ಅಗತ್ಯವೇ ಬೀಳುವುದಿಲ್ಲ. ಬಯಲಿನ ಬೆಳಕಿಗಾದರೆ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್, ಅಂದರೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಬೇಕು. ಅದು 1/60 ಸೆಕೆಂಡನ್ನು ಒಂದು ಸೆಕೆಂಡಿಗೆ ಏರಿಸುತ್ತದೆ. ಕಾಮನಬಿಲ್ಲು ತೆಗೆಯುವಾಗ ಮಾತ್ರ ಪೋಲರೈಸರಿನ ವಿಷಯದಲ್ಲಿ ಎಚ್ಚರವಿರಲಿ, ಏಕೆಂದರೆ ಬಿಲ್ಲಿನ ಬೆಳಕೇ ಧ್ರುವೀಕೃತವಾದದ್ದು. ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲು ಕಣ್ಣೆದುರೇ ಅಳಿಸಿಹೋಗುತ್ತದೆ.

ಕತ್ತಲ ಕಾನಿನ ನಡುವೆ ಸಣ್ಣ ಬಿಳಿ ಧಾರೆ ಇದ್ದಾಗ ಕ್ಯಾಮೆರಾ ಕತ್ತಲನ್ನೇ ಅಳೆದು ನೀರನ್ನು ಅತಿಯಾಗಿ ಬೆಳಗಿಸುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ, ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲ ಅಂಚಿಗೆ ರಾಶಿ ತಾಗದಂತೆ ನೋಡಿಕೊಳ್ಳಿ; ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ನೆರಳನ್ನು ಮೇಲೆತ್ತಬಹುದು, ಸುಟ್ಟುಹೋದ ಬಿಳುಪಿನಿಂದ ಏನನ್ನೂ ಮರಳಿ ಪಡೆಯಲಾಗದು. ಟ್ರೈಪಾಡಿನ ಕಾಲು ಹರಿಯುವ ನೀರಿನಲ್ಲಿದ್ದರೆ ಅದು ನಡುಗುತ್ತಿರುತ್ತದೆ, ಆದ್ದರಿಂದ ಮೂರೂ ಕಾಲುಗಳನ್ನು ಬಂಡೆಯ ಮೇಲೆ ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಿರಿ.

ಮೊಬೈಲಿನಲ್ಲಿ ತೆಗೆಯುವವರು ಪ್ರೊ ಮೋಡ್ ಅಥವಾ ಲಾಂಗ್ ಎಕ್ಸ್‌ಪೋಷರ್ ಸೌಲಭ್ಯ ಬಳಸಿ, ಫೋನನ್ನು ಕಲ್ಲಿಗೆ ಒರಗಿಸಿಟ್ಟರೆ ಸಾಕು. ತುಂತುರು ಕೂತ ಲೆನ್ಸನ್ನು ಪ್ರತಿ ಚಿತ್ರಕ್ಕೂ ಮೊದಲು ಒರೆಸಬೇಕು. ಕ್ಯಾಮೆರಾ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳು, ಎರಡು ಮೂರು ಒಣಬಟ್ಟೆ ಮತ್ತು ಒಂದು ಕೊಡೆ ಇರಲಿ. ಎಸಿ ಕಾರಿನಿಂದ ಇಳಿದೊಡನೆ ಲೆನ್ಸಿಗೆ ಆವಿ ಕಟ್ಟುವುದರಿಂದ ಕಾಲು ಗಂಟೆ ಮೊದಲೇ ಎಸಿ ನಿಲ್ಲಿಸಿ.

ನೀರಿನ ವಿಷಯದಲ್ಲಿ ಮಾತ್ರ ನಾನು ಯಾವ ವಿನಾಯಿತಿಯನ್ನೂ ಒಪ್ಪುವುದಿಲ್ಲ. ನೀವು ನಿಂತಲ್ಲಿ ಬಿಸಿಲಿರಬಹುದು, ಆದರೆ ಮೇಲಿನ ಘಟ್ಟದಲ್ಲಿ ಒಂದು ಗಂಟೆ ಜೋರಾಗಿ ಹೊಡೆದ ಮಳೆ ನಿಮಗೆ ಸುಳಿವು ಕೊಡದೆ ಬಂದು ತಲುಪುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ತರಗೆಲೆ, ಕಡ್ಡಿಗಳು ಗುಂಪಾಗಿ ತೇಲಿ ಬಂದರೆ, ಹಳ್ಳದ ಸದ್ದು ದಪ್ಪವಾದರೆ ಟ್ರೈಪಾಡನ್ನು ಬಿಟ್ಟಾದರೂ ದಡ ಹತ್ತಬೇಕು. ನಡುಹೊಳೆಯ ಬಂಡೆಯ ಮೇಲೆ ನಿಂತವರಿಗೆ ಹಿಂದಿರುಗುವ ದಾರಿ ಮೊದಲು ಮುಚ್ಚುತ್ತದೆ. ಮೊಣಕಾಲು ಮೀರಿದ ಹರಿವನ್ನು ದಾಟಬೇಡಿ. ಮಳೆಗಾಲದಲ್ಲಿ ಮರದ ಸಂಕಗಳ ಮೇಲೆ ಪಾಚಿ ಕಟ್ಟಿರುತ್ತದೆ. ಜಲಪಾತದ ಕೆಳಗಿನ ಮಡುವಿನಲ್ಲಿ ಸುಳಿಗಳಿರುವುದರಿಂದ ಈಜು ಬಲ್ಲವರೂ ಇಳಿಯಬಾರದು, ಧಾರೆಯ ನೆತ್ತಿಯ ಅಂಚಿಗಂತೂ ಸೆಲ್ಫಿಗೆಂದು ಹೋಗಲೇಬಾರದು.

ಉಂಬಳ (ಜಿಗಣೆ) ಕಚ್ಚಿದರೆ ಕಿತ್ತೆಳೆಯದೆ, ಅದರ ಬಾಯಿಯ ಬಳಿ ಉಗುರು ಜಾರಿಸಿ ಬಿಡಿಸಿ. ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅಪಾಯವಿಲ್ಲ. ಹೆಚ್ಚು ಗಂಭೀರವಾದದ್ದು ಉಣುಗು ಎಂಬ ರಕ್ತ ಹೀರುವ ಸಣ್ಣ ಜೀವಿ, ಮತ್ತು ಇದನ್ನು ಪ್ರವಾಸದ ಬರಹಗಳಲ್ಲಿ ಕಾಣುವುದು ಕಡಿಮೆಯೆಂಬುದು ನನಗೆ ಚಿಂತೆಯ ವಿಷಯ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ; ಸಿದ್ದಾಪುರ ತಾಲ್ಲೂಕಿನಲ್ಲಿಯೂ ಅದರ ಪ್ರಕರಣಗಳು ಕಂಡುಬಂದಿವೆ. ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ಕಾಡಿನ ದಾರಿಗಳು ಒಣಗಿ ಓಡಾಟಕ್ಕೆ ಅನುಕೂಲವಾಗುವ ಕಾಲವೂ ಅದೇ. ಪೂರ್ತಿ ತೋಳು, ಉದ್ದ ಪ್ಯಾಂಟು ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಕೊಂಡು ಹೊರಡಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಿ ಚಿತ್ರ ತೆಗೆಯಬೇಡಿ. ಮಂಗ ಸತ್ತುಬಿದ್ದ ಜಾಗಕ್ಕೆ ಹೋಗದೆ ಊರವರಿಗೆ ತಿಳಿಸಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕರಿಬಂಡೆಯ ಶಿಖರಗಳಿಗೆ ಹೆಸರಾದ ಯಾಣದಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಕರಿಬಂಡೆಯ ಎತ್ತರ ತಿಳಿಯಬೇಕಾದರೆ ಬುಡದಲ್ಲಿ ನಡೆಯುವ ಒಬ್ಬ ಮನುಷ್ಯ ಚಿತ್ರದೊಳಗೆ ಇರಬೇಕು. ಅದೊಂದು ಪೂಜೆಯ ಸ್ಥಳವೆಂಬುದೂ ನೆನಪಿರಲಿ.

ಜಲಪಾತಗಳ ದಾರಿ ಎಷ್ಟೋ ಕಡೆ ಯಾರದೋ ಅಡಿಕೆ ತೋಟದ ನಡುವೆ ಹಾದುಹೋಗುತ್ತದೆ. ಮನೆಯವರನ್ನು ಕೇಳಿ ಹೋಗಿ, ದಾಟಿದ ಮೇಲೆ ದಣಪೆ (ಬೇಲಿಯ ಬಾಗಿಲು) ಹಾಕಿ. ತೆರೆದಿಟ್ಟ ದಣಪೆಯಿಂದ ದನ ನುಗ್ಗಿದರೆ ನಷ್ಟ ಅವರಿಗೆ. ಈ ಕಣಿವೆಯ ಒಂದು ಭಾಗವನ್ನು 2011ರಲ್ಲಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಸಿಂಗಳೀಕಗಳು ಮರದ ನೆತ್ತಿಯಲ್ಲಿ ಬದುಕುವ ನಾಚಿಕೆಯ ಪ್ರಾಣಿಗಳು. ತಿನಿಸು ತೋರಿಸಿ ಕೆಳಗಿಳಿಸಿದ ಚಿತ್ರಕ್ಕಿಂತ ಎಲೆಗಳ ನಡುವೆ ಅರ್ಧ ಕಂಡ ಮುಖವೇ ಮೇಲು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಲ್ಲಿ ಡ್ರೋನ್ ಹಾರಿಸಬಾರದು.

ಒಂದು ದಿನವನ್ನಾದರೂ ಅಳಿವೆಗೆ ಮೀಸಲಿಡಿ. ಮಿರ್ಜಾನ್‌ನಿಂದ ತದಡಿಯವರೆಗೆ ಹೊಳೆ ಅಗಲವಾಗಿ ಹರಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿ (ಉಪ್ಪುನೀರಿನ ತಗ್ಗು) ಗದ್ದೆಗಳ ಬದಿಯಲ್ಲಿ ಹರಿಯುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ ಮಳೆಯ ಬದಲು ಭರತ ಇಳಿತಗಳೇ ವೇಳಾಪಟ್ಟಿ. ಇಳಿತದಲ್ಲಿ ಕೆಸರು ದಿಬ್ಬಗಳು ತೆರೆದುಕೊಂಡು, ಬೆಳಚು (ಚಿಪ್ಪಿನ ಜೀವಿ) ಹೆಕ್ಕುವವರು ಸೊಂಟದ ನೀರಿಗೆ ಇಳಿಯುತ್ತಾರೆ, ಹಕ್ಕಿಗಳೂ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತ್ಯಂತ ಕೆಳಗೆ ಹೋಗುತ್ತದೆ. ದುಡಿಯುವವರ ಹತ್ತಿರ ಮೊದಲು ಮಾತನಾಡಿ, ಒಪ್ಪಿಗೆ ಪಡೆದು ಕ್ಯಾಮೆರಾ ಎತ್ತಿ. ದೋಣಿಯವರೊಂದಿಗೆ ಹೋಗುವುದಾದರೆ ಮರಳುವ ಹೊತ್ತನ್ನು ಅವರೇ ಹೇಳಲಿ, ಏಕೆಂದರೆ ನೀರು ಪೂರ್ತಿ ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ಮೊದಲ ದಿನ ಬೆಳಕು ಕೈಕೊಟ್ಟರೆ ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಲಾರಂ ಇಡುವಾಗ ಅಷ್ಟನ್ನು ಸೇರಿಸಿಕೊಳ್ಳಿ.