ಒಂದೇ ಜಮೀನು, ಮೂರು ಮಟ್ಟ: ಇಳಿಜಾರು ನೋಡಿ ಬೆಳೆ ಹಾಕಿದ ನನ್ನ ಅನುಭವ

ಮಂಡ್ಯ ಅಂದ ಕೂಡಲೇ ಎಲ್ಲರೂ ಕಬ್ಬು, ಭತ್ತ ಅನ್ನುತ್ತಾರೆ. ಮಳೆ ಲೆಕ್ಕ ನೋಡಿದರೆ ನಮ್ಮದು ಬಯಲುಸೀಮೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅಷ್ಟೇ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಅರಬ್ಬಿ ಸಮುದ್ರದ ಮೋಡಗಳು ಪಶ್ಚಿಮಘಟ್ಟ ಹತ್ತುವಾಗಲೇ ತಣ್ಣಗಾಗಿ ಸುರಿದುಬಿಡುತ್ತವೆ. ಘಟ್ಟ ಇಳಿದು ಬರುವ ಗಾಳಿಯಲ್ಲಿ ನಮಗೆ ಉಳಿಯುವುದು ಸೋನೆ. ಜೋರು ಮಳೆ ಏನಿದ್ದರೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ.

ಹಾಗಾಗಿ ನಮ್ಮ ಮಳೆ ಬೇರೆ, ನಮ್ಮ ನೀರು ಬೇರೆ. ನೀರು ಕೊಡಗಿನ ಬೆಟ್ಟಗಳದ್ದು. ಅದು ಕಾವೇರಿಯಲ್ಲಿ ಹರಿದು, ಕೆಆರ್‌ಎಸ್‌ನಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯಲ್ಲಿ ಹುಲಿಕೆರೆ ಸುರಂಗ ದಾಟಿ ಬರುತ್ತದೆ. ಭಾಗಮಂಡಲದಲ್ಲಿ ಮಳೆ ಹೇಗಿದೆ ಅಂತ ಮಂಡ್ಯದ ರೈತ ಜುಲೈನಲ್ಲಿ ವಿಚಾರಿಸುವುದು ಸುಮ್ನೆ ಅಲ್ಲ.

ನಾಲೆ ನೀರು ಇಳಿಜಾರು ನಂಬಿ ಹರಿಯುತ್ತದೆ. ತೂಬಿನ ಮಟ್ಟಕ್ಕಿಂತ ಮೇಲಿರುವ ಹೊಲಕ್ಕೆ ಅದು ಹತ್ತುವುದಿಲ್ಲ. ನಮ್ಮ ಜಮೀನೂ ಹಾಗೇ ಇದೆ. ಮೇಲೆ ದಿಣ್ಣೆ, ನಡುವೆ ಇಳಿಜಾರು, ಕೆಳಗೆ ಗದ್ದೆ. ಬೇಸಾಯ ನನ್ನ ಕೈಗೆ ಬಂದಾಗ ಮೊದಲು ಜೋರು ಮಳೆಯಲ್ಲಿ ಹೊಲ ಸುತ್ತಿದೆ. ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಗುರುತು ಮಾಡಿಕೊಂಡೆ. ಆಮೇಲೆ ಮೂರೂ ಕಡೆ ಮೊಣಕಾಲುದ್ದ ಗುಂಡಿ ತೆಗೆಸಿದೆ. ದಿಣ್ಣೆಯಲ್ಲಿ ಗರಸು ಬೆರೆತ ಕೆಂಪು ಮಣ್ಣು. ನಡುವೆ ಅದೇ ಕೆಂಪು, ಆದರೆ ಆಳವಾಗಿದೆ. ಕೆಳಗೆ ಜಿಗುಟು ಮಣ್ಣು, ಒಂದು ಮೂಲೆಯಲ್ಲಿ ಬೆಳ್ಳಗೆ ಉಪ್ಪೆದ್ದ ಚೌಳು.

ದಿಣ್ಣೆಗೆ ರಾಗಿ ಹಾಕಿದೆ. "ಬೋರ್‌ವೆಲ್ ಕೊರೆಸಿ ಕಬ್ಬು ಹಾಕೋದು ಬುಟ್ಟು ರಾಗಿ ಯಾಕ್ಲಾ ಮಗ?" ಅಂದರು ನಮ್ಮ ಚಿಕ್ಕಪ್ಪ. ಗರಸು ಮಣ್ಣು ನೀರು ಹಿಡಿಯುವುದಿಲ್ಲ, ಕಬ್ಬಿಗೆ ಎಷ್ಟು ಹಾಯಿಸಿದರೂ ಸಾಲದು. ರಾಗಿ ನಮ್ಮ ಮಳೆಯನ್ನೇ ನಂಬಿ ಬೆಳೆಯುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಇಡುತ್ತೇನೆ. ತಳಿ ಜಿಪಿಯು-28, ಬೆಂಕಿ ರೋಗ ತಡೆಯುತ್ತದೆ. ಮಳೆ ತಡವಾದರೆ ಬೇಗ ಕೊಯ್ಲಿಗೆ ಬರುವ ಎಂಎಲ್-365.

ನಡುವಿನ ಮಟ್ಟಕ್ಕೆ ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆ, ಹನಿ ನೀರಾವರಿಯಲ್ಲಿ. ನೀರು ನಿಂತರೆ ಬೇರು ಕೊಳೆಯುತ್ತದೆ, ಇಲ್ಲಿ ನಿಲ್ಲುವುದಿಲ್ಲ. ಹವೆಯೂ ನಮ್ಮ ಪರವಾಗಿದೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ರೇಷ್ಮೆ ಹುಳುವಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ತಗ್ಗಿನಲ್ಲಿರುವ ರಾಯಚೂರಿನ ಬಿಸಿಲಲ್ಲಿ ಹುಳುಮನೆ ತಂಪಾಗಿಡಲು ಎಷ್ಟು ಒದ್ದಾಡಬೇಕು ಯೋಚಿಸಿ.

ಜಾಸ್ತಿ ಕೆಲಸ ಬಿದ್ದದ್ದು ಕೆಳಗಿನ ಗದ್ದೆಯಲ್ಲಿ. ಮೇಲಿನವರೆಲ್ಲ ಹಾಯಿಸಿದ ನೀರು ಜಿನುಗಿ ಅಲ್ಲಿಗೇ ಬರುತ್ತದೆ. ಹೊರಗೆ ಹೋಗಲು ದಾರಿ ಇರಲಿಲ್ಲ, ಅದಕ್ಕೇ ಉಪ್ಪು ಮೇಲೆದ್ದಿತ್ತು. ಪಕ್ಕದ ಜಮೀನಿನವರನ್ನು ಒಪ್ಪಿಸಿ, ಬದುವಿನಗುಂಟ ಸೊಂಟದುದ್ದ ಬಸಿಗಾಲುವೆ ತೆಗೆಸಿ ಹಳ್ಳಕ್ಕೆ ಸೇರಿಸಿದೆವು. ಮಣ್ಣು ಪರೀಕ್ಷೆ ಮಾಡಿಸಿ, ವರದಿಯಲ್ಲಿ ಹೇಳಿದಷ್ಟು ಜಿಪ್ಸಂ ಹಾಕಿದೆ. ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬೆಳೆಸಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಉತ್ತು ಸೇರಿಸಿದೆ. ಚೌಳು ಒಮ್ಮೆಗೇ ಹೋಗಲಿಲ್ಲ, ಬೆಳೆಯಿಂದ ಬೆಳೆಗೆ ಕಮ್ಮಿಯಾಯಿತು. ಈಗ ಅಲ್ಲಿ ಭತ್ತ, ಸ್ವಲ್ಪ ಮೇಲಕ್ಕೆ ಕಬ್ಬು. ನಾಲೆಗೆ ಬೇಗ ನೀರು ಬಿಟ್ಟರೆ ಹೆಚ್ಚು ದಿನ ತೆಗೆದುಕೊಳ್ಳುವ ಜಯ ತಳಿಯ ಭತ್ತಕ್ಕೆ ಒಟ್ಟಲು (ಸಸಿ ಮಡಿ) ಹಾಕುತ್ತೇನೆ, ತಡವಾದರೆ ಬೇಗ ಕೊಯ್ಲಿಗೆ ಬರುವ ಐಆರ್-64.

ದುಡ್ಡಿನ ಓಡಾಟವೂ ಇಳಿಜಾರಿನ ಮೇಲೆಯೇ ನಿಂತಿದೆ. ಕಬ್ಬಿನ ಹಣ ವರ್ಷಕ್ಕೊಮ್ಮೆ, ಅದೂ ಕಾರ್ಖಾನೆಯೋ ಆಲೆಮನೆಯೋ ಕೊಟ್ಟಾಗ. ರೇಷ್ಮೆ ಗೂಡಿನ ಹಣ ಮಾರುಕಟ್ಟೆಗೆ ಹೋದಾಗೆಲ್ಲ ಬರುತ್ತದೆ. ದಿಣ್ಣೆಯ ರಾಗಿ ಹುಲ್ಲು ಹಸುಗಳಿಗೆ, ಅದರಿಂದ ಡೇರಿಯ ಬಟವಾಡೆ. ಕೊಟ್ಟಿಗೆ ಗೊಬ್ಬರ ಮತ್ತೆ ದಿಣ್ಣೆಗೆ. ಕೆಆರ್‌ಎಸ್ ತುಂಬದ ವರ್ಷವೂ ಮನೆ ನಡೆಯುವುದು ಈ ಹುಲ್ಲಿನ ಮೇಲೆಯೇ. ಬರೀ ಗದ್ದೆ ಇರುವವರಿಗೆ ಆ ವರ್ಷ ತುಂಬಾ ಕಷ್ಟ, ಅಲ್ವಾ?

ನೀವೂ ಹೀಗೆ ಮಾಡುವುದಾದರೆ ಪ್ರತಿ ಮಟ್ಟದ ಮಣ್ಣಿನ ಮಾದರಿ ಬೇರೆ ಬೇರೆ ಚೀಲಕ್ಕೆ ಹಾಕಿ, ಚೀಟಿ ಬರೆದು ಕೊಡಿ. ಮೂರನ್ನೂ ಕಲಸಿದರೆ ಬರುವ ವರದಿ ಯಾವ ಮಟ್ಟಕ್ಕೂ ಹೊಂದುವುದಿಲ್ಲ. ಬಸಿಗಾಲುವೆಯ ಹೂಳನ್ನು ಮುಂಗಾರಿಗೆ ಮುಂಚೆ ತೆಗೆಸಿ.