ವಿಚಿತ್ರ ಸಂಗತಿಗೊಂದು ಚೀಟಿ: ರಿಪ್ಲಿ ಜಾಡಿನಲ್ಲಿ

‘ಬಿಲೀವ್ ಇಟ್ ಆರ್ ನಾಟ್’ (ನಂಬಿದರೆ ನಂಬಿ) ಎಂಬ ಪತ್ರಿಕಾ ಅಂಕಣದಲ್ಲಿ ವಿಚಿತ್ರ ಸಂಗತಿಗಳನ್ನು ಚಿತ್ರಿಸಿ ಬರೆದ ಅಮೆರಿಕದ ವ್ಯಂಗ್ಯಚಿತ್ರಕಾರ ರಾಬರ್ಟ್ ರಿಪ್ಲಿ ಎಂದರೆ ಜನಕ್ಕೆ ನೆನಪಾಗುವುದು ನ್ಯೂಯಾರ್ಕ್ ರಾಜ್ಯದ ಮಮರೊನೆಕ್‌ನ ದ್ವೀಪದ ಮನೆ, ಅದರಲ್ಲಿ ಗುಡ್ಡೆಹಾಕಿದ್ದ ವಿಚಿತ್ರ ವಸ್ತುಗಳು. ನನಗೆ ಮುಖ್ಯವೆನಿಸುವುದು 1923ರಲ್ಲಿ ಅವರ ಜೊತೆ ಸೇರಿದ ನಾರ್ಬರ್ಟ್ ಪರ್ಲ್‌ರಾತ್. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ದಶಕಗಟ್ಟಲೆ ಸಂಗತಿ ಹೆಕ್ಕಿಕೊಟ್ಟವರು ಅವರೇ.

ನಾನೂ ವಿಚಿತ್ರ ಸಂಗತಿಗಳನ್ನು ಕೂಡಿಡುವವನು, ಒಂದು ಸಂಗತಿಗೆ ಒಂದೇ ಚೀಟಿ ಇಡುತ್ತೇನೆ. ಅದರಲ್ಲಿ ನಾಲ್ಕು ಕಾಲಂ: ಹೇಳಿಕೆ, ಅದರ ಷರತ್ತಿನ ಪದಗಳು, ಮೂಲ ದಾಖಲೆ, ಯಾವಾಗಿನವರೆಗೆ ನಿಜ. ಎಡವುವುದು ಹೆಚ್ಚಾಗಿ ಎರಡನೆಯದರಲ್ಲಿ. ಅಮೆರಿಕದ ವಿಮಾನ ಚಾಲಕ ಲಿಂಡ್‌ಬರ್ಗ್ ಅಟ್ಲಾಂಟಿಕ್ ಸಾಗರವನ್ನು ನಿಲ್ಲದೆ ಹಾರಿ ದಾಟಿದ 67ನೆಯವನು ಎಂದು ರಿಪ್ಲಿ ಬರೆದಾಗ ಬೈಗುಳದ ಪತ್ರಗಳು ರಾಶಿ ಬಿದ್ದವು. ಅವರ ಲೆಕ್ಕ ಹೀಗಿತ್ತು: 1919ರಲ್ಲಿ ವಿಮಾನದಲ್ಲಿ ದಾಟಿದ ಅಲ್ಕಾಕ್, ಬ್ರೌನ್ ಇಬ್ಬರು, ಅದೇ ವರ್ಷ ಆರ್-34 ವಾಯುನೌಕೆಯಲ್ಲಿ 31, 1924ರಲ್ಲಿ ಜರ್ಮನಿಯಿಂದ ಬಂದ ಝಡ್‌ಆರ್-3 ವಾಯುನೌಕೆಯಲ್ಲಿ 33. ಒಟ್ಟು 66. 1927ರಲ್ಲಿ ಲಿಂಡ್‌ಬರ್ಗ್ ಮೊದಲಿಗನಾದದ್ದು ‘ಒಬ್ಬಂಟಿ’ಯಾಗಿ. ಆ ಪದ ಬಿದ್ದುಹೋದರೆ ಹೇಳಿಕೆಯೇ ತಲೆಕೆಳಗು.

ತಲೆ ಎಣಿಸುವಾಗ ಅಧಿಕೃತ ಪಟ್ಟಿಯೊಂದೇ ಸಾಲದು. ಭಾರ ಇಳಿಸಲೆಂದು ಆರ್-34ರಿಂದ ಕೈಬಿಟ್ಟಿದ್ದ ಸಿಬ್ಬಂದಿ ವಿಲಿಯಂ ಬ್ಯಾಲಂಟೈನ್ ಒಳಗೆ ಅಡಗಿ ಕೂತೇ ಸಾಗರ ದಾಟಿದ. ಹೊರಡುವ ಮೊದಲಿನ ಪಟ್ಟಿಯಲ್ಲಿ ಅವನು ಸಿಗುವುದಿಲ್ಲ. ಅದೇ ನೌಕೆ ಹಿಂತಿರುಗಿಯೂ ಹಾರಿತು. ಆಗ ನಾವು ಎಣಿಸುತ್ತಿರುವುದು ಜನರನ್ನೋ ದಾಟುವಿಕೆಗಳನ್ನೋ ಎಂಬುದನ್ನು ಚೀಟಿಯಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಒಬ್ಬನೇ ಎರಡು ಸಲ ಸೇರುತ್ತಾನೆ.

ನಾಲ್ಕನೆಯ ಕಾಲಂ ಏಕೆಂದರೆ, ನಿಜ ಸಂಗತಿಯೂ ಹಳಸುತ್ತದೆ. ಅಮೆರಿಕಕ್ಕೆ ಕಾನೂನಿನ ಪ್ರಕಾರ ರಾಷ್ಟ್ರಗೀತೆಯೇ ಇಲ್ಲ ಎಂದು ರಿಪ್ಲಿ 1929ರಲ್ಲಿ ಬರೆದದ್ದು ಸರಿಯೇ. 1931ರ ಮಾರ್ಚ್ 3ರಂದು ಅಧ್ಯಕ್ಷ ಹೂವರ್ ರಾಷ್ಟ್ರಗೀತೆಯ ಕಾನೂನಿಗೆ ಸಹಿ ಹಾಕಿದ ಮೇಲೆ ಅದು ತಪ್ಪು. ಇಂಥ ಚೀಟಿಯನ್ನು ನಾನು ಹರಿಯುವುದಿಲ್ಲ, ಅವಧಿ ಬರೆದು ಉಳಿಸುತ್ತೇನೆ.

ವಸ್ತುಗಳಿಗೂ ಚೀಟಿಯೇ, ಪರೀಕ್ಷೆ ಮಾತ್ರ ಬೇರೆ. ಕುಗ್ಗಿಸಿ ಒಣಗಿಸಿದ ಮನುಷ್ಯನ ತಲೆ ಎಂದು ಮಾರುವ ಎಷ್ಟೋ ಸರಕು ಆಡಿನ ಇಲ್ಲವೇ ಕೋತಿಯ ಚರ್ಮ. ಭೂತಗನ್ನಡಿ ಹಿಡಿದು ಮೊದಲು ಕಿವಿ ನೋಡಿ. ಅದರ ಒಳಮಡಿಕೆಗಳನ್ನು ನಕಲಿಯಲ್ಲಿ ಮೂಡಿಸುವುದು ಕಷ್ಟ. ಆಮೇಲೆ ಮೂಗಿನ ಹೊಳ್ಳೆಯ ರೋಮ. ಮಾರುವವರು ಹೇಳುವ ಕಥೆಯನ್ನು ಪೆನ್ಸಿಲಿನಲ್ಲಿ ಬರೆದುಕೊಂಡರೆ ಸಾಕು.